ಸವೆದ ಅರ, ಮೂರು ಕಾವು, ಒಂದು ಚಾಕು

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಲ್ಲು ಸವೆದ ಅರಗಳನ್ನು (ಲೋಹ ಉಜ್ಜುವ ಫೈಲ್) ಮೂಲೆಯ ಡಬ್ಬಿಯೊಂದಕ್ಕೆ ಎಸೆದಿರುತ್ತಾರೆ. ಡಬ್ಬಿ ತುಂಬಿದ ಮೇಲೆ ಅವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಸವೆದದ್ದು ಹಲ್ಲು ಮಾತ್ರ, ಒಳಗಿನ ಉಕ್ಕಿಗೆ ಏನೂ ಆಗಿರುವುದಿಲ್ಲ. ಒಳ್ಳೆಯ ಅರದ ಉಕ್ಕಿನಲ್ಲಿ ಇಂಗಾಲ ಶೇ 1ರಿಂದ 1.3ರಷ್ಟಿರುತ್ತದೆ. ಕಿಟಕಿ ಗ್ರಿಲ್ಲಿಗೆ ಹಾಕುವ ಪಟ್ಟಿಯಲ್ಲಿ ಅದು ಶೇ 0.2ರ ಆಸುಪಾಸು, ಲಾರಿಯ ಕಮಾನು ಪಟ್ಟಿಯಲ್ಲಿ ಶೇ 0.5ರಿಂದ 0.6. ಚಾಕುವಿನ ಬಾಯಿ ಹರಿತವಾಗಿ ಬಹಳ ದಿನ ನಿಲ್ಲಬೇಕಾದರೆ ಈ ಇಂಗಾಲ ಬೇಕೇ ಬೇಕು. ಆದರೆ ಇಂಗಾಲ ಏರಿದ ಹಾಗೆ ಕಾವಿನಲ್ಲಾಗುವ ಸಣ್ಣ ತಪ್ಪೂ ದೊಡ್ಡ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ಚಾಕು ಮಾಡುವುದೆಂದರೆ ಕತ್ತರಿಸಿ, ಉಜ್ಜಿ ಆಕಾರಕ್ಕೆ ತರುವುದು ಅಂತ ಹೊಸದಾಗಿ ಕೈಹಾಕುವವರು ತಿಳಿದಿರುತ್ತಾರೆ. ಆಕಾರ ತಾಳ್ಮೆ ಇದ್ದವರಿಗೆಲ್ಲ ಬರುತ್ತದೆ. ಚಾಕು ಬಾಳುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಮೂರು ಕಾವುಗಳಲ್ಲಿ: ಗಟ್ಟಿ ಉಕ್ಕನ್ನು ಮೆತ್ತಗೆ ಮಾಡುವ ಕಾವು, ಅದನ್ನು ಮತ್ತೆ ಗಟ್ಟಿ ಮಾಡುವ ಕಾವು, ಆ ಗಟ್ಟಿತನವನ್ನು ತುಸುವೇ ಇಳಿಸುವ ಕಾವು. ಹಾಗಾಗಿ ಇಲ್ಲಿ ಉಜ್ಜುವುದಕ್ಕಿಂತ ಕಾಯಿಸುವುದರ ಬಗ್ಗೆಯೇ ಹೆಚ್ಚು ಬರೆದಿದ್ದೇನೆ.

ಈ ಸಲ ತೆಗೆದುಕೊಂಡದ್ದು 10 ಇಂಚಿನ ಚಪ್ಪಟೆ ಅರ. ಅಗಲ 25 ಮಿ.ಮೀ., ದಪ್ಪ 6 ಮಿ.ಮೀ., ತೂಕ ಸುಮಾರು 300 ಗ್ರಾಂ. ಇದರಲ್ಲಿ 135 ಮಿ.ಮೀ. ಅಲಗು, 115 ಮಿ.ಮೀ. ಹಿಡಿ ಇರುವ ಅಡುಗೆಮನೆಯ ಸಣ್ಣ ಚಾಕು ಆಗುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಟೊಮೆಟೊ ಹೆಚ್ಚಲು ಧಾರಾಳ ಸಾಕು. ಅರದ ತುದಿಯಲ್ಲಿ ಮರದ ಹಿಡಿಗೆ ಸಿಕ್ಕಿಸುವ ಚೂಪಾದ ಬಾಲ ಇರುತ್ತದಲ್ಲ, ಅದನ್ನು ಕಾರ್ಖಾನೆಯಲ್ಲೇ ಮೆತ್ತಗೆ ಬಿಟ್ಟಿರುತ್ತಾರೆ. ಅದು ನಮಗೆ ಬೇಡ, ಕತ್ತರಿಸಿ ತೆಗೆಯಬೇಕು. ಮುಂದೆ ನಾನು ಬಾಲ ಎಂದಾಗ ಹೊಸ ಚಾಕುವಿನ ಹಿಡಿಯೊಳಗೆ ಕೂರುವ ಭಾಗ ಎಂದು ತಿಳಿಯಬೇಕು. ಹರಿತದ ಅಂಚು ಬಾಯಿ, ಅದರ ಎದುರಿನ ದಪ್ಪ ಅಂಚು ಬೆನ್ನು.

ಮೊದಲು ಅರ ಎಂಥದ್ದು ಎಂದು ನೋಡಿಕೊಳ್ಳಬೇಕು. ಅಗ್ಗದ ಕೆಲವು ಅರಗಳು ಒಳಗೆ ಮೆತ್ತನೆ ಕಬ್ಬಿಣ, ಮೇಲಿನ ತೊಗಲು ಮಾತ್ರ ಗಟ್ಟಿ. ಅಂಥದ್ದರಲ್ಲಿ ಚಾಕು ಮಾಡಿದರೆ ಉಜ್ಜುವಾಗ ಗಟ್ಟಿ ತೊಗಲೆಲ್ಲ ಹೋಗಿ, ಉಳಿಯುವುದು ಗ್ರಿಲ್ ಪಟ್ಟಿಯ ತಮ್ಮನಂಥ ಲೋಹ. ಗ್ರೈಂಡರ್ ಗಾಲಿಗೆ ಅರದ ಅಂಚು ಮುಟ್ಟಿಸಿ ಕಿಡಿ ನೋಡಿದರೆ ಅರ್ಧ ಗೊತ್ತಾಗುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿ ಗಾಲಿಯ ಹತ್ತಿರವೇ ಒಡೆದು ಸುರುಸುರು ಬತ್ತಿಯ ಹಾಗೆ ದಟ್ಟವಾಗಿ ಕವಲೊಡೆಯುತ್ತದೆ. ಮೆತ್ತನೆ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಗೆರೆಯಾಗಿ ಹೋಗುತ್ತದೆ, ಹೂ ಬಿಡುವುದು ಕಡಿಮೆ. ಆದರೆ ಕಿಡಿ ನೋಡುವಾಗ ಮೇಲಿನ ಅರ್ಧ ಮಿ.ಮೀ. ಕೊರೆದು ಒಳಗೆ ಹೋಗಿ ನೋಡಬೇಕು, ಇಲ್ಲದಿದ್ದರೆ ಮೇಲಿನ ತೊಗಲೇ ಮೋಸ ಮಾಡುತ್ತದೆ. ಇನ್ನೂ ಖಾತ್ರಿ ಬೇಕೆಂದರೆ ತುದಿಯ ಎರಡು ಸೆಂ.ಮೀ. ವೈಸ್‌ನಲ್ಲಿ ಹಿಡಿದು, ಮೇಲೆ ದಪ್ಪ ಗೋಣಿ ಸುತ್ತಿ, ಸುತ್ತಿಗೆಯಿಂದ ಒಂದು ಏಟು ಕೊಡಬೇಕು. ಗೋಣಿ ಸುತ್ತದೆ ಹೊಡೆಯಬಾರದು. ಗಟ್ಟಿ ಅರ ಗಾಜಿನ ಹಾಗೆ ಸಿಡಿಯುತ್ತದೆ, ಚೂರು ಕಣ್ಣಿಗೆ ಹಾರುತ್ತದೆ. ಮುರಿದ ಜಾಗ ಅಡ್ಡಡ್ಡಲಾಗಿ ಒಂದೇ ಬಣ್ಣದ ನುಣುಪು ಬೂದಿ ಇದ್ದರೆ ಪೂರ್ತಿ ಉಕ್ಕು. ಹೊರಗೆ ನುಣುಪು, ನಡುವೆ ಬೇರೆ ತರಹದ ಒರಟು ಕಂಡರೆ ಆ ಅರ ಗುಜರಿಗೇ ವಾಪಸ್ ಹೋಗಲಿ.

ಮೊದಲ ಕಾವಿಗೆ ಹಳ್ಳಿಯ ಕಂಬಾರ ಕಾಕಾನ ಕುಲುಮೆಯನ್ನೇ ಹಿಡಿದೆ. ಮನೆಯ ಅಂಗಳದಲ್ಲಿ ನಾಲ್ಕು ಇಟ್ಟಿಗೆ, ಒಂದು ಬ್ಲೋವರ್ ಇಟ್ಟುಕೊಂಡು, ಬಳ್ಳಾರಿ ಜಾಲಿಯ ಇದ್ದಿಲಿನಲ್ಲೂ ಇದನ್ನು ಮಾಡಬಹುದು. ಆದರೆ 25 ಸೆಂ.ಮೀ. ಉದ್ದದ ಪಟ್ಟಿಯನ್ನು ಒಂದೇ ಸಮ ಕಾಯಿಸಲು ಕುಲುಮೆ ಅಗಲ ಇರಬೇಕು, ಕೈ ಪಳಗಿರಬೇಕು. ಒಂದೂವರೆ–ಎರಡು ಇಂಚಿನ ಕಬ್ಬಿಣದ ಪೈಪಿನ ತುಂಡೊಂದನ್ನು ಕೆಂಡದ ನಡುವೆ ಮಲಗಿಸಿ, ಅದರೊಳಗೆ ಅರ ಇಟ್ಟೆವು. ಹೀಗೆ ಮಾಡಿದರೆ ಗಾಳಿ ನೇರವಾಗಿ ಉಕ್ಕಿಗೆ ಬಡಿಯುವುದಿಲ್ಲ, ಒಂದು ಕಡೆ ಬಿಳಿ ಕಾವು, ಇನ್ನೊಂದು ಕಡೆ ಕಪ್ಪು ಎನ್ನುವ ತಾಪತ್ರಯ ಇಲ್ಲ.

ಕಾವು ಎಷ್ಟು? ಅಯಸ್ಕಾಂತ ಹಿಡಿಯುವುದನ್ನು ಬಿಡುವವರೆಗೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ತಂತಿಗೆ ಕಟ್ಟಿಕೊಂಡು ಥಟ್ಟನೆ ಮುಟ್ಟಿಸಿ ತೆಗೆಯಬೇಕು; ಅಲ್ಲೇ ಹಿಡಿದರೆ ಅಯಸ್ಕಾಂತವೂ ಕಾದು ಶಕ್ತಿ ಕಳೆದುಕೊಳ್ಳುತ್ತದೆ. ಅಂಟುವುದು ನಿಂತ ತಕ್ಷಣ ಅರವನ್ನು ಬೂದಿಗೆ ಹೂಳಿದೆವು. ಬೂದಿ ಎಂದರೆ ಕುಳ್ಳಿನ ಬೂದಿ, ಎಣ್ಣೆಯ ಡಬ್ಬಿಯ ತುಂಬ, ಚೂರೂ ಹಸಿ ಇಲ್ಲದ್ದು. ಜೊತೆಗೆ ಅಷ್ಟೇ ಕೆಂಪಾದ ದಪ್ಪ ಕಬ್ಬಿಣದ ತುಂಡನ್ನೂ ಪಕ್ಕದಲ್ಲಿ ಹೂಳಿದರೆ ಕಾವು ನಿಧಾನ ಇಳಿಯುತ್ತದೆ. ಸಂಜೆ ಹೂಳಿದ್ದು ಬೆಳಿಗ್ಗೆ ತೆಗೆದಾಗ ಇನ್ನೂ ಕೈಗೆ ಬೆಚ್ಚಗಿತ್ತು. ಅಷ್ಟು ನಿಧಾನ ತಣಿದರೆ ಸರಿ. ಬೆಳಿಗ್ಗೆ ಆರಿ ತಣ್ಣಗಾಗಿದ್ದರೆ ಬೂದಿ ಕಡಿಮೆ ಇತ್ತು ಅಥವಾ ಹಸಿಯಿತ್ತು ಎಂದರ್ಥ.

ಇಲ್ಲಿ ಆಗುವ ತಪ್ಪು, ಹೆಚ್ಚು ಕೆಂಪಾದಷ್ಟೂ ಹೆಚ್ಚು ಮೆತ್ತಗಾಗುತ್ತದೆ ಎಂದುಕೊಳ್ಳುವುದು. ಅರದ ಉಕ್ಕಿಗೆ ಅದು ಉಲ್ಟಾ. ಹಳದಿ ಕಾವಿಗೆ ಒಯ್ದು ನಿಧಾನ ತಣಿಸಿದರೆ ಹೆಚ್ಚುವರಿ ಇಂಗಾಲವೆಲ್ಲ ಕಣಗಳ ಸಂದಿನಲ್ಲಿ ಗಟ್ಟಿ ಬಲೆಯಾಗಿ ಕೂರುತ್ತದೆ. ಮುಂದೆ ತೂತು ಕೊರೆಯುವಾಗ ಡ್ರಿಲ್ ಬಿಟ್ ಅಲ್ಲಿ ನಿಂತಲ್ಲೇ ತಿರುಗಿ ತುದಿ ಸುಟ್ಟುಕೊಳ್ಳುತ್ತದೆ, ಅಲಗೂ ಪೆಡಸಾಗುತ್ತದೆ. ಮೊದಲೊಮ್ಮೆ ಹೀಗೆ ಮಾಡಿ 5 ಮಿ.ಮೀ. ಬಿಟ್ ಎರಡು ಹಾಳಾದವು. ಕುಲುಮೆ ಸಿಗದಿದ್ದವರು ಮಬ್ಬುಗೆಂಪಿಗೆ, ಅಂದರೆ ಅಯಸ್ಕಾಂತ ಇನ್ನೂ ಅಂಟುತ್ತಿರುವ ಕಾವಿಗೆ ಒಯ್ದು ಬೂದಿಗೆ ಹಾಕಿದರೂ ಉಜ್ಜಲು, ಕೊರೆಯಲು ಸಾಕಾಗುವಷ್ಟು ಮೆತ್ತಗಾಗುತ್ತದೆ.

ಮೆತ್ತಗಾಯಿತೋ ಇಲ್ಲವೋ ನೋಡಲು ಇನ್ನೊಂದು ಹೊಸ ಅರ ತೆಗೆದುಕೊಂಡು ಅಂಚಿಗೆ ಉಜ್ಜಬೇಕು. ಕಚ್ಚಿ ಪುಡಿ ಉದುರಿದರೆ ಸರಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಮತ್ತೊಮ್ಮೆ ಬೂದಿ.

ಆಮೇಲೆ ಹಲ್ಲು ತೆಗೆಯುವುದು. 4 ಇಂಚಿನ ಗ್ರೈಂಡರಿಗೆ 60 ಗ್ರಿಟ್ಟಿನ (ಗ್ರಿಟ್ ಎಂದರೆ ಉಜ್ಜುವ ಕಣದ ಅಳತೆ, ಅಂಕಿ ಏರಿದಷ್ಟೂ ನಯ) ಫ್ಲ್ಯಾಪ್ ಡಿಸ್ಕ್, ಅಂದರೆ ಎಮರಿ ಪಟ್ಟಿ ಜೋಡಿಸಿದ ಗಾಲಿ, ಹಾಕಿ ಎರಡೂ ಮುಖ ಸಮತಟ್ಟು ಮಾಡಿದೆ. ಅರದ ಗುರುತು ಚಾಕುವಿನ ಮೇಲೆ ಕಾಣಲಿ ಎಂದು ಹಲ್ಲನ್ನು ಹಾಗೇ ಬಿಡುವವರಿದ್ದಾರೆ. ಹಿಡಿಯ ಕಡೆ, ಬೆನ್ನಿನ ಹತ್ತಿರ ಸ್ವಲ್ಪ ಬಿಟ್ಟರೆ ನಡೆದೀತು. ಬಾಯಿಯ ಹತ್ತಿರ ಒಂದು ಹಲ್ಲಿನ ತಳವೂ ಉಳಿಯಬಾರದು. ಕಂಬಾರ ಕಾಕಾ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದ: "ಹಲ್ಲಿನ ತಳಾ ಉಳದ್ರ ಅಲ್ಲಿಂದನ ಬಿರುಕು ಹೊಂಡತೈತಿ ನೋಡ ತಮ್ಮಾ." ಎಣ್ಣೆಗೆ ಅದ್ದಿದಾಗ ಉಕ್ಕು ಒಮ್ಮೆಲೇ ಸೆಳೆದುಕೊಳ್ಳುತ್ತದೆ; ಆ ಸೆಳೆತವೆಲ್ಲ ಚೂಪಾದ ಸಂದಿಗೆ ಬಂದು ಸೇರುತ್ತದೆ. ಹರಿದ ಬಟ್ಟೆ ಮೊದಲೇ ಕತ್ತರಿ ತಾಗಿದ ಜಾಗದಿಂದ ಹರಿಯುವ ಹಾಗೆ. ಎರಡೂ ಕಡೆ ಸೇರಿ 6 ಮಿ.ಮೀ. ಇದ್ದ ದಪ್ಪ 4.2ಕ್ಕೆ ಬಂತು.

ಆಕಾರವನ್ನು ಮೊದಲು ಗಟ್ಟಿ ರಟ್ಟಿನಲ್ಲಿ ಕತ್ತರಿಸಿ, ಕೈಯಲ್ಲಿ ಹಿಡಿದು ನೋಡಿ, ನಂತರ ಉಕ್ಕಿನ ಮೇಲೆ ಮಾರ್ಕರ್‌ನಿಂದ ಗೀಚಿದೆ. ಹ್ಯಾಕ್ಸಾದಲ್ಲಿ ಒರಟಾಗಿ ಕೊಯ್ದು, ಗೆರೆಯವರೆಗೆ ಅರದಿಂದ ಉಜ್ಜಿದರೆ ಆಯಿತು. ಅಲಗು ಮುಗಿದು ಬಾಲ ಶುರುವಾಗುವ ಮೂಲೆ ಮಾತ್ರ ಚೌಕವಾಗಿರಕೂಡದು, 3 ಮಿ.ಮೀ. ದುಂಡಗಿನ ಅರದಿಂದ ಅಲ್ಲಿ ಸುತ್ತು ತೆಗೆಯಬೇಕು. ಕಾರಣ ಹಲ್ಲಿನದೇ.

ಬಾಲದಲ್ಲಿ 5.2 ಮಿ.ಮೀ.ನ ಎರಡು ತೂತು, ಹಿತ್ತಾಳೆಯ 5 ಮಿ.ಮೀ. ಪಿನ್ನಿಗೆ. ಮಧ್ಯೆ ಇನ್ನೆರಡು ತೂತು ತೂಕ ಇಳಿಸಲು, ಅಂಟು ಆಚೀಚೆ ಕೂಡಿಕೊಳ್ಳಲು. ಡ್ರಿಲ್ ನಿಧಾನ ತಿರುಗಬೇಕು, ಒತ್ತು ಬಿಗಿಯಾಗಿರಬೇಕು, ಎಣ್ಣೆಯ ಹನಿ ಬೀಳುತ್ತಿರಬೇಕು. ವೇಗ ಹೆಚ್ಚಿಸಿ ಮೆಲ್ಲಗೆ ಒತ್ತಿದರೆ ಬಿಟ್ ಕೊರೆಯದೆ ಉಜ್ಜುತ್ತದೆ, ತೂತಿನ ತಳ ಕಾದು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ತೂತುಗಳನ್ನು ಈಗಲೇ ಮಾಡಬೇಕು. ಎಣ್ಣೆಗೆ ಅದ್ದಿದ ಮೇಲೆ ಮಾಮೂಲಿ ಬಿಟ್ ಏನೂ ಮಾಡಲಾರದು. ತೂತಿನ ಎರಡೂ ಬಾಯಿಯ ಚೂಪನ್ನು ದೊಡ್ಡ ಬಿಟ್ಟಿನಿಂದ ತುಸು ತೆಗೆದೆ.

ಬಾಯಿಯ ನಡುಗೆರೆ ಎಳೆಯಲು ಒಂದು ಸುಲಭ ಉಪಾಯ: ಅಲಗಿನ ದಪ್ಪದಷ್ಟೇ ದಪ್ಪದ ಡ್ರಿಲ್ ಬಿಟ್ಟನ್ನು ಸಮತಟ್ಟು ಕಲ್ಲಿನ ಮೇಲೆ ಅಲಗಿನ ಪಕ್ಕ ಮಲಗಿಸಿದರೆ ಬಿಟ್ಟಿನ ಮೊನೆ ಸರಿಯಾಗಿ ಅರ್ಧ ಎತ್ತರದಲ್ಲಿ ಇರುತ್ತದೆ. ಬಾಯಿಯ ಅಂಚಿಗೆ ಮಾರ್ಕರ್ ಬಳಿದು, ಆ ಮೊನೆ ತಾಗಿಸಿ ಎಳೆದರೆ ನಡುಗೆರೆ. ಗೆರೆಯ ಆಚೀಚೆ ಅರ್ಧರ್ಧ ಮಿ.ಮೀ. ಬಿಟ್ಟು ಇಳಿಜಾರು ತೆಗೆದೆ. ಬೆನ್ನಿನಿಂದಲೇ ಶುರುವಾಗುವ ಇಳಿಜಾರು ಬೇಕು. ಬೆನ್ನು 4 ಮಿ.ಮೀ. ಇಟ್ಟು, ಬಾಯಿಯ ಹತ್ತಿರ ಮಾತ್ರ ಗಿಡ್ಡ ಇಳಿಜಾರು ಕೊಟ್ಟರೆ ಉಳ್ಳಾಗಡ್ಡಿಯನ್ನು ಕೊಯ್ಯುವ ಬದಲು ಬೆಣೆಯ ಹಾಗೆ ಸೀಳುತ್ತದೆ. ಗ್ರೈಂಡರಿನಲ್ಲಿ ಒರಟಾಗಿ ತೆಗೆದು, ಕೊನೆಯ ಅರ್ಧವನ್ನು 12 ಇಂಚಿನ ಹೊಸ ಅರದಿಂದ ಕೈಯಲ್ಲೇ ಉಜ್ಜಿದೆ, ಮೂರು ತಾಸು ಹಿಡಿಯಿತು. ಗ್ರೈಂಡರ್ ಒಂದು ಕ್ಷಣ ಜಾರಿದರೆ ಬೀಳುವ ತಗ್ಗನ್ನು ತುಂಬಲು ದಾರಿಯಿಲ್ಲ. ಅಲಗನ್ನೇ ಅಷ್ಟು ತೆಳ್ಳಗೆ ಮಾಡಬೇಕಾಗುತ್ತದೆ.

ಬಾಯಿಯ ದಪ್ಪ ಈ ಹಂತದಲ್ಲಿ 1 ಮಿ.ಮೀ. ಉಳಿದಿರಬೇಕು, ಎಟಿಎಂ ಕಾರ್ಡಿಗಿಂತ ತುಸು ದಪ್ಪ. ಈಗಲೇ ಹರಿತ ಮಾಡಿದರೆ ಕುಲುಮೆಯಲ್ಲಿ ತೆಳ್ಳನೆ ಅಂಚು ಬೆನ್ನಿಗಿಂತ ಮೊದಲು ಕಾದು ಸುಡುತ್ತದೆ, ಎಣ್ಣೆಯಲ್ಲಿ ಹಪ್ಪಳದ ಹಾಗೆ ಅಲೆಯಲೆ ಆಗುತ್ತದೆ. 120 ಗ್ರಿಟ್ಟಿನ ಎಮರಿ ಪೇಪರಿನಿಂದ ಉದ್ದುದ್ದಕ್ಕೆ ತಿಕ್ಕಿ ಅಡ್ಡಗೀರುಗಳನ್ನೆಲ್ಲ ತೆಗೆದೆ. ಅಡ್ಡಗೀರು ಆಳವಾಗಿದ್ದರೆ ಅದೂ ಬಿರುಕಿನ ಬೀಜ.

ಎರಡನೆಯ ಕಾವು. ಇಡೀ ಕೆಲಸದಲ್ಲಿ ಎಷ್ಟೋ ದಿನ ಹೋದರೂ ಚಾಕುವಿನ ಹಣೆಬರಹ ಈ ಹತ್ತು ಸೆಕೆಂಡಿನಲ್ಲಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕುಲುಮೆಗೆ ಹೋಗುವುದು ಒಳ್ಳೆಯದು. ಬಿಸಿಲಿನಲ್ಲಿ ಉಕ್ಕಿನ ಬಣ್ಣ ಮೋಸ ಮಾಡುತ್ತದೆ. ಹಗಲಿಗೆ ಮಬ್ಬಾಗಿ ಕಂಡದ್ದು ಕತ್ತಲಲ್ಲಿ ಕಿತ್ತಳೆ ಆಗಿರುತ್ತದೆ. ಮೊದಲು ಅದ್ದುವುದಿಲ್ಲ. ಮೂರು ಸಲ ಕಾಯಿಸಿ, ಮೂರು ಸಲ ಗಾಳಿಯಲ್ಲಿ ಸುಮ್ಮನೆ ಹಿಡಿದು ಕಪ್ಪಾಗುವವರೆಗೆ ಆರಲು ಬಿಡಬೇಕು. ಮೊದಲ ಸಲ ಅಯಸ್ಕಾಂತ ಬಿಟ್ಟ ಮೇಲೆ ಇನ್ನೂ ಒಂದು ನೆರಳು ಕೆಂಪು, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಅಯಸ್ಕಾಂತ ಬಿಡುವಷ್ಟಕ್ಕೇ. ಉಜ್ಜಿದ್ದರಿಂದ, ಕೊರೆದದ್ದರಿಂದ ಉಕ್ಕಿನೊಳಗೆ ಕೂತ ಬಿಗಿ ಇದರಲ್ಲಿ ಸಡಿಲುತ್ತದೆ, ಕಣ ಸಣ್ಣದಾಗುತ್ತದೆ. ಅವಸರಕ್ಕೆ ಇದನ್ನು ಬಿಟ್ಟ ಅಲಗುಗಳೇ ಎಣ್ಣೆಯಲ್ಲಿ ಹೆಚ್ಚು ಸೊಟ್ಟಗಾಗುವುದನ್ನು ನೋಡಿದ್ದೇನೆ.

ನೀರೋ ಎಣ್ಣೆಯೋ ಎನ್ನುವಲ್ಲಿ ಕಂಬಾರರ ಪದ್ಧತಿಯೂ ನಾನು ಮಾಡಿದ್ದೂ ಬೇರೆಯಾಗುತ್ತವೆ. ಎರಡಕ್ಕೂ ಕಾರಣವಿದೆ. ಕುಡಗೋಲು, ಕುಂಟಿಯ ಬಾಯಿಗೆ ಅವರು ಬಳಸುವುದು ಬಹುತೇಕ ಕಮಾನು ಪಟ್ಟಿ. ಅದರ ಬಾಯಿಯನ್ನಷ್ಟೇ ಕಾಯಿಸಿ ನೀರಿಗೆ ಮುಟ್ಟಿಸಿ ತೆಗೆಯುತ್ತಾರೆ, ಬೆನ್ನಿನ ಕಾವು ಮತ್ತೆ ಬಾಯಿಗೆ ಹರಿದು ಹದ ತಾನೇ ಆಗುತ್ತದೆ. ಅರ್ಧ ಶೇಕಡ ಇಂಗಾಲದ ಉಕ್ಕು ಆ ಪೆಟ್ಟು ತಾಳುತ್ತದೆ. ಅದರ ಎರಡರಷ್ಟು ಇಂಗಾಲವಿರುವ ಅರದ ಉಕ್ಕನ್ನು ತೆಳ್ಳನೆ ಅಲಗು ಮಾಡಿ ಇಡಿಯಾಗಿ ನೀರಿಗೆ ಹಾಕಿದರೆ ಟಿಣ್ ಎಂದು ಶಬ್ದ ಬರುತ್ತದೆ. ಆ ಶಬ್ದ ಬಂತೆಂದರೆ ಎಲ್ಲೋ ಬಿರುಕು ಬಿಟ್ಟಿದೆ, ಆ ಅಲಗು ಮುಗಿಯಿತು. ಬೆಸೆದು ಸರಿ ಮಾಡಲಾಗದು.

ನಾನು ಬಳಸಿದ್ದು ಶೇಂಗಾ ಎಣ್ಣೆ, 3 ಲೀಟರ್. 4 ಇಂಚಿನ ಕಬ್ಬಿಣದ ಪೈಪಿಗೆ ತಳ ಬೆಸೆಸಿ 45 ಸೆಂ.ಮೀ. ಎತ್ತರದ ಪಾತ್ರೆ ಮಾಡಿಕೊಂಡಿದ್ದೇನೆ. ಅದರಲ್ಲಿ 3 ಲೀಟರಿಗೆ 37 ಸೆಂ.ಮೀ. ಆಳ ಸಿಗುತ್ತದೆ, ಅಲಗು ನೆಟ್ಟಗೆ ಮುಳುಗುತ್ತದೆ. ಕಾಸಿದ ಕಬ್ಬಿಣದ ತುಂಡೊಂದನ್ನು ಮುಳುಗಿಸಿ ಎಣ್ಣೆಯನ್ನು 55 ಡಿಗ್ರಿಗೆ ತಂದೆ. ತಣ್ಣನೆ ಎಣ್ಣೆ ಬೇಗ ತಣಿಸುತ್ತದೆ ಎಂದು ತೋರುತ್ತದೆ, ಆಗುವುದು ಬೇರೆ. ತಣ್ಣನೆಯದು ಮಂದ, ಅಲಗಿನ ಸುತ್ತ ಎದ್ದ ಆವಿಯ ಹೊದಿಕೆಯನ್ನು ಬೇಗ ಹರಿಯುವುದಿಲ್ಲ. ಬೆಚ್ಚನೆ ಎಣ್ಣೆ ತೆಳುವಾಗಿ ಹರಿದು ಕಾವನ್ನು ಎಳೆದುಕೊಳ್ಳುತ್ತದೆ. ಹಳೆಯ ಎಂಜಿನ್ ಆಯಿಲ್ ಬೇಡ. ಅದರ ಹೊಗೆ ಎದೆಗೆ ಕೆಟ್ಟದ್ದು, ಬೇಗ ಹೊತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿ ಹತ್ತಿರವೂ ಇರಬಾರದು. ಎಣ್ಣೆಯ ಮೇಲೆ ಉರಿ ಎದ್ದರೆ ಮುಚ್ಚಲು ತಗಡಿನ ಮುಚ್ಚಳ, ಪಕ್ಕದಲ್ಲಿ ಒಂದು ಬುಟ್ಟಿ ಒಣ ಉಸುಕು. ನೀರು ಸುರಿಯಲೇಬಾರದು, ಉರಿಯುವ ಎಣ್ಣೆ ಮೇಲಕ್ಕೆ ಚಿಮ್ಮುತ್ತದೆ.

ಅದ್ದುವ ಕಾವು 780ರಿಂದ 800 ಡಿಗ್ರಿ. ಅಯಸ್ಕಾಂತ 770ರಲ್ಲಿ ಬಿಡುತ್ತದೆ, ಅದಕ್ಕಿಂತ ತುಸು ಮೇಲೆ ಎಂದರೆ ಎಷ್ಟು ಎಂದು ಕಣ್ಣಿಗೆ ಹೇಳುವುದು ಕಷ್ಟ. ಅದಕ್ಕೆ ಅಡುಗೆ ಉಪ್ಪು ಇದೆ. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಬಾಲದ ಮೇಲೆ ಎರಡು ಹರಳು ಉದುರಿಸಿದರೆ, ಅವು ಕರಗಿ ಹರಡಿದರೆ ಮಿತಿ ತಲುಪಿತು, ಇನ್ನು ಕಾಯಿಸಬಾರದು. ಅಲಗು ತುದಿಯಿಂದ ಬುಡದವರೆಗೆ ಒಂದೇ ಬಣ್ಣ ಇರಬೇಕು, ಎಲ್ಲೂ ನೆರಳು ಓಡಾಡಬಾರದು. ಆ ಕಾವಿನಲ್ಲಿ ಎರಡು ಮೂರು ನಿಮಿಷ ನಿಲ್ಲಿಸಬೇಕು. ಮೊನೆ ತೆಳ್ಳಗಿರುವುದರಿಂದ ಮೊದಲು ಕಾಯುತ್ತದೆ. ಅದನ್ನು ಪೈಪಿನಿಂದ ತುಸು ಆಚೆಗೆ ಸರಿಸುತ್ತಾ ಸಮ ಮಾಡಿಕೊಳ್ಳಬೇಕು. ಮೊನೆ ಸುಟ್ಟ ಚಾಕು ಮೊದಲ ದಿನವೇ ತುದಿ ಮುರಿದುಕೊಳ್ಳುತ್ತದೆ.

ಎಣ್ಣೆ ಪಾತ್ರೆ ಕುಲುಮೆಯಿಂದ ಒಂದು ಕೈಯಳತೆಯಲ್ಲಿರಬೇಕು. ಈ ಉಕ್ಕು ಸುಮಾರು ಒಂದು ಸೆಕೆಂಡಿನೊಳಗೆ 540 ಡಿಗ್ರಿಗಿಂತ ಕೆಳಗೆ ಇಳಿಯಬೇಕು, ಇಲ್ಲದಿದ್ದರೆ ಗಟ್ಟಿಯಾಗುವ ಅವಕಾಶ ಅಲ್ಲೇ ತಪ್ಪುತ್ತದೆ. ಇಕ್ಕಳದಲ್ಲಿ ಹಿಡಿದು ಹೊರತೆಗೆದು ಪಾತ್ರೆ ಹುಡುಕುತ್ತಾ ಎರಡು ಹೆಜ್ಜೆ ಇಟ್ಟರೂ ತಡ. ಮೊನೆ ಮುಂದಾಗಿ ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಆಡಿಸಿದೆ. ಪಕ್ಕಕ್ಕೆ ಅಲ್ಲಾಡಿಸಿದರೆ ಒಂದು ಮುಖ ಬೇಗ ತಣಿದು ಅಲಗು ಬಿಲ್ಲಾಗುತ್ತದೆ. ಹನ್ನೆರಡು ಎಣಿಸಿ ಹೊರತೆಗೆದಾಗ ಎಣ್ಣೆ ಹೊಗೆಯಾಡುತ್ತಿತ್ತು, ಅಲಗು ಕೈಗವಸಿನ ಮೇಲೂ ಸುಡುತ್ತಿತ್ತು. ಈ ಹೊತ್ತಿಗೆ ಅದು ಸುಮಾರು 200 ಡಿಗ್ರಿ, ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಸೊಟ್ಟಗಾಗಿದ್ದರೆ ತೊಗಲಿನ ಕೈಗವಸು ಹಾಕಿಕೊಂಡು ನೇರ ಮಾಡಲು ಅರ್ಧ ನಿಮಿಷದಷ್ಟು ಸಮಯ ಸಿಗುತ್ತದೆ. ಆಮೇಲೆ ಬಗ್ಗಿಸಿದರೆ ಮುರಿಯುತ್ತದೆ.

ತಣಿದ ಮೇಲೆ ಬಾಯಿಗೆ ಹೊಸ ಅರ ಉಜ್ಜಿ ನೋಡಿದೆ. ಮೊದಲು ಕಚ್ಚಿತು! ಇಲ್ಲಿ ಎದೆಗುಂದಬಾರದು. ಕುಲುಮೆಯಲ್ಲಿ ಮೇಲಿನ ಕೂದಲೆಳೆಯಷ್ಟು ಪದರದಿಂದ ಇಂಗಾಲ ಸುಟ್ಟು ಹೋಗಿರುತ್ತದೆ, ಆ ಪದರ ಮೆತ್ತಗಿರುತ್ತದೆ. ನಾಲ್ಕು ಎಳೆತದ ನಂತರ ಅರ ಜಾರತೊಡಗಿತು, ಗಾಜಿಗೆ ಮೊಳೆ ತಾಗಿದಂಥ ಸದ್ದು ಬಂತು. ಹತ್ತು ಎಳೆತದ ಮೇಲೂ ಕಚ್ಚುತ್ತಲೇ ಇದ್ದರೆ ಮಾತ್ರ ಅದ್ದಿದ್ದು ವಿಫಲ. ಕಾವು ಕಡಿಮೆ ಇತ್ತು ಇಲ್ಲವೇ ಎಣ್ಣೆಗೆ ಹೋಗುವುದು ತಡವಾಯಿತು. ಮತ್ತೆ ಗಾಳಿಯಲ್ಲಿ ಆರಿಸುವುದರಿಂದ ಶುರು ಮಾಡಬೇಕು.

ಈಗಿನ ಅಲಗು ಕೈಯಿಂದ ಬಿದ್ದರೆ ಎರಡು ತುಂಡು. ಆದ್ದರಿಂದ ಮೂರನೆಯ ಕಾವನ್ನು ನಾಳೆಗೆ ಇಡುವಂತಿಲ್ಲ, ಅದೇ ರಾತ್ರಿ ಆಗಬೇಕು. ಮನೆಯ ಒಟಿಜಿ ಓವನ್ನಿನಲ್ಲಿ, ಒಂದು ತಟ್ಟೆ ಉಸುಕಿನೊಳಗೆ ಅಲಗು ಹೂತು, 200 ಡಿಗ್ರಿಯಲ್ಲಿ ಎರಡು ತಾಸು. ಹೊರಗೆ ತೆಗೆದು ಪೂರ್ತಿ ತಣಿದ ಮೇಲೆ ಮತ್ತೆ ಎರಡು ತಾಸು. ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ. ಕಾಯಿಲ್ ಹತ್ತಿದಾಗ ಏರಿ, ಆರಿದಾಗ ಇಳಿಯುತ್ತಿರುತ್ತದೆ. ಉಸುಕು ಆ ಏರಿಳಿತವನ್ನು ನುಂಗುತ್ತದೆ. ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರೆ ಇನ್ನೂ ಒಳ್ಳೆಯದು. ಮೊದಲೇ ಅಲಗಿನ ಒಂದು ಕಡೆ ಎಮರಿಯಿಂದ ಬೆಳ್ಳಗೆ ತಿಕ್ಕಿಟ್ಟರೆ ಬಣ್ಣವೇ ಕಾವು ಹೇಳುತ್ತದೆ. ಒಣಗಿದ ಜೋಳದ ಕಣಿಕೆಯ ತಿಳಿ ಬಣ್ಣ ಬಂದರೆ 205ರ ಸುತ್ತಮುತ್ತ. ಕಣಿಕೆ ಬಣ್ಣ ಗಾಢವಾದರೆ 225. ಬೆಲ್ಲದ ಬಣ್ಣಕ್ಕೆ ಬಂದರೆ 255, ಬದನೆಕಾಯಿ ಬಣ್ಣ 280, ಅಚ್ಚ ನೀಲಿ 300. ಅಡುಗೆ ಚಾಕುವಿಗೆ ತಿಳಿ ಕಣಿಕೆ ಬಣ್ಣವೇ ಹದ. ಕಟ್ಟಿಗೆ ಸೀಳುವ, ಪೆಟ್ಟು ತಿನ್ನುವ ಹತಾರಕ್ಕಾದರೆ ಬೆಲ್ಲದ ಕಡೆಗೆ ಹೋಗಬಹುದು. ಚಾಕು ನೀಲಿಗೆ ತಿರುಗಿದರೆ ಅದು ಸ್ಪ್ರಿಂಗ್, ಬಾಯಿ ನಿಲ್ಲದು.

ಮೊದಲ ಎರಡು ತಾಸು ಮುಗಿದಾಗ ಅಲಗು ಮೊನೆಯ ಕಡೆ ಒಂದೂವರೆ ಮಿ.ಮೀ. ಬಾಗಿದ್ದು ಕಂಡಿತು. ಎರಡನೆಯ ಸಲ ಓವನ್ನಿಗೆ ಹಾಕುವಾಗ ದಪ್ಪ ಕಬ್ಬಿಣದ ಪಟ್ಟಿಗೆ ಸಿ-ಕ್ಲ್ಯಾಂಪ್ ಹಾಕಿ, ನಡುವೆ 3 ಮಿ.ಮೀ. ತಗಡಿನ ತುಂಡಿಟ್ಟು, ಬಾಗಿದ್ದಕ್ಕೆ ಎದುರು ದಿಕ್ಕಿಗೆ ತುಸು ಬಗ್ಗಿಸಿ ಬಿಗಿದೆ. ತಣಿದು ಬಿಚ್ಚಿದಾಗ ನೇರವಾಗಿತ್ತು. ತಣ್ಣಗಿರುವಾಗ ಜೋರಾಗಿ ಬಿಗಿಯಬಾರದು, ನಿಧಾನ ಬೆಚ್ಚಗಾದ ಮೇಲೆ ಕೊನೆಯ ಸುತ್ತು ತಿರುಗಿಸಬೇಕು.

ಕುಲುಮೆಯೇ ಸಿಗದವರಿಗೆ ಇನ್ನೊಂದು ದಾರಿ ಇದೆ. ಮೊದಲ ಚಾಕು ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಅರ ಹೇಗೂ ಕಾರ್ಖಾನೆಯಿಂದ ಗಟ್ಟಿಯಾಗಿಯೇ ಬಂದಿದೆ. ಅದನ್ನು ಮೆತ್ತಗೆ ಮಾಡದೆ ನೇರ ಓವನ್ನಿಗೆ ಹಾಕಿ 200 ಡಿಗ್ರಿಯಲ್ಲಿ ಎರಡೆರಡು ತಾಸು ಎರಡು ಸಲ ಇಟ್ಟು, ಆಮೇಲೆ ಗ್ರೈಂಡರಿನಲ್ಲಿ ಆಕಾರ ತೆಗೆಯುವುದು. ಎರಡು ಸೆಕೆಂಡು ಮುಟ್ಟಿಸಿ ನೀರಿಗೆ ಅದ್ದುವುದು, ಮತ್ತೆ ಮುಟ್ಟಿಸುವುದು. ಕೈಗವಸು ಇಲ್ಲದೆ ಬರಿಗೈಯಲ್ಲಿ ಹಿಡಿದರೆ ಬೆರಳೇ ಥರ್ಮಾಮೀಟರ್. ಒಂದು ಚುಕ್ಕೆ ನೀಲಿಯಾದರೂ ಆ ಜಾಗದ ಹದ ಹೋಯಿತು, ಅಷ್ಟು ಆಳ ಉಜ್ಜಿ ತೆಗೆಯದೆ ಗತ್ಯಂತರವಿಲ್ಲ. ಪಿನ್ನಿನ ತೂತಿಗೆ ಮಾತ್ರ, ಅಲಗನ್ನು ನೀರಿನಲ್ಲಿ ಮುಳುಗಿಸಿಟ್ಟು ಬಾಲವನ್ನು ಗ್ಯಾಸ್ ಟಾರ್ಚಿನಿಂದ ಮಬ್ಬುಗೆಂಪಿಗೆ ಕಾಯಿಸಿ, ನಿಧಾನ ಆರಲು ಬಿಟ್ಟು ಕೊರೆಯಬೇಕು. ಸಮಯ ದುಪ್ಪಟ್ಟು ಹಿಡಿಯುತ್ತದೆ, ಡಿಸ್ಕ್ ಹೆಚ್ಚು ಸವೆಯುತ್ತದೆ. ಆದರೆ ಬಿರುಕಿನ ಭಯವಿಲ್ಲ.

ಹದ ಮಾಡಿದ ಮೇಲಿನ ಉಜ್ಜುವಿಕೆಗೂ ಇದೇ ನೀರಿನ ನಿಯಮ. 1 ಮಿ.ಮೀ. ಇದ್ದ ಬಾಯಿಯನ್ನು 0.3ಕ್ಕೆ ಇಳಿಸಿ, 120, 220, 400 ಎಮರಿ ಪೇಪರನ್ನು ನೀರು ಹಚ್ಚಿ ತಿಕ್ಕಿದೆ. ಪ್ರತಿ ಸಲ ದಿಕ್ಕು ತಿರುಗಿಸಿ ತಿಕ್ಕಿದರೆ ಹಿಂದಿನ ಗ್ರಿಟ್ಟಿನ ಗೀರು ಉಳಿದಿದೆಯೋ ಕಾಣುತ್ತದೆ. ಕನ್ನಡಿ ಹೊಳಪು ಬೇಕೆನ್ನುವವರು ಮುಂದುವರಿಯಲಿ. ದಿನಬಳಕೆಗೆ 400 ಸಾಕು.

ಹಿಡಿ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು, ಯಾಕೆಂದರೆ ಹಿಡಿ ಕೂತ ಮೇಲೆ ಚಾಕುವನ್ನು ಮತ್ತೆ ಓವನ್ನಿಗೆ ಹಾಕಲಾಗದು. ತಾತ್ಕಾಲಿಕವಾಗಿ ಬಾಯಿ ಹರಿತ ಮಾಡಿ, 6 ಮಿ.ಮೀ. ಹಿತ್ತಾಳೆ ಕಂಬಿಯ ಮೇಲೆ ಮಲಗಿಸಿದ ಹಾಗೆ ಇಟ್ಟು, ಬೆಳಕಿಗೆ ಹಿಡಿದು ಮೆಲ್ಲಗೆ ಒತ್ತಿ ಎಳೆಯಬೇಕು. ಬಾಯಿ ಕಂಬಿಯ ಮೇಲೆ ಕೂದಲೆಳೆಯಷ್ಟು ಬಾಗಿ, ಮುಂದಕ್ಕೆ ಹೋದಂತೆ ಮತ್ತೆ ನೇರವಾಗುವುದು ಕಾಣುತ್ತದೆ. ಬಾಗಿದ್ದು ಬಾಗಿಯೇ ಉಳಿದರೆ ಮೆತ್ತಗಾಗಿದೆ, ಎರಡನೆಯ ಕಾವಿಗೇ ಮರಳಬೇಕು. ಸಣ್ಣ ಚಕ್ಕೆ ಎದ್ದರೆ ಗಟ್ಟಿ ಹೆಚ್ಚಾಗಿದೆ, 215 ಡಿಗ್ರಿಗೆ ಇನ್ನೊಂದು ತಾಸು. ನನ್ನದಕ್ಕೆ ಮೊದಲ ಸಲ ಮೊನೆಯ ಹತ್ತಿರ ಎರಡು ಚಕ್ಕೆ ಎದ್ದವು. 215ಕ್ಕೆ ಒಂದು ತಾಸು ಹಾಕಿದ ಮೇಲೆ ಸರಿಯಾಯಿತು.

ಹಿಡಿಗೆ ಮುರಿದ ಚಕ್ಕಡಿ ಗಾಲಿಯಿಂದ ಬಂದ ಕರಿಜಾಲಿಯ ತುಂಡು ಸಿಕ್ಕಿತ್ತು. ವರ್ಷಗಟ್ಟಲೆ ಒಣಗಿದ ಜಾಲಿ ಕಲ್ಲಿನಂತಿರುತ್ತದೆ, ನೀರಿಗೂ ಜಗ್ಗದು, ಉಜ್ಜಿದರೆ ಗಾಢ ಕೆಂಗಂದು ಬಣ್ಣ ಬರುತ್ತದೆ. ಹಸಿ ಕಟ್ಟಿಗೆ ಬಳಸಿದರೆ ಧಾರವಾಡದ ಮಳೆಯಲ್ಲಿ ಸರಿಯಾಗಿ ಕೂತದ್ದು ಮಾರ್ಚ್ ಬಿಸಿಲಿಗೆ ಕುಗ್ಗಿ, ಬಾಲದ ಉಕ್ಕು ಅಂಚಿನಲ್ಲಿ ಹೊರಬಂದು ಅಂಗೈಗೆ ತಾಗುತ್ತದೆ. 8 ಮಿ.ಮೀ. ದಪ್ಪದ ಎರಡು ಹಲಗೆ ಸೀಳಿ, ಒಳಮುಖ ಸಮ ಮಾಡಿ, ಅಲಗಿನ ಕಡೆಯ ತುದಿಯನ್ನು ಅಂಟಿಸುವ ಮೊದಲೇ ದುಂಡಗೆ ಮಾಡಿ ನುಣುಪಾಗಿಸಿದೆ. ಅಂಟಿಸಿದ ಮೇಲೆ ಅಲ್ಲಿ ಎಮರಿ ಹಾಕಲು ಹೋದರೆ ಅಲಗಿಗೆ ಗೀರು ಬೀಳುತ್ತದೆ.

ಬಾಲವನ್ನು 60 ಗ್ರಿಟ್ಟಿನಿಂದ ಒರಟು ಮಾಡಿ, ಥಿನ್ನರಿನಿಂದ ಎರಡು ಸಲ ಒರೆಸಿ, ಆಮೇಲೆ ಬೆರಳು ತಾಗಿಸದೆ ಅರಾಲ್ಡೈಟ್ ಹಚ್ಚಿದೆ. ಬೇಗ ಗಟ್ಟಿಯಾಗುವ ಐದು ನಿಮಿಷದ ಅಂಟು ಬೇಡ, ರಾತ್ರಿಯಿಡೀ ಹಿಡಿಯುವ ಮಾಮೂಲಿನದೇ ಬಲ. ಕ್ಲ್ಯಾಂಪನ್ನು ಸಂದು ಕೂಡುವಷ್ಟೇ ಬಿಗಿಯಬೇಕು. ಹಿಂಡಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಬರಿದಾಗುತ್ತದೆ. ಅಲಗಿನ ಮೇಲೆ ಹರಿದ ಅಂಟನ್ನು ಹಸಿಯಿರುವಾಗಲೇ ಥಿನ್ನರ್ ಬಟ್ಟೆಯಿಂದ ಒರೆಸಿದೆ. ಹಿತ್ತಾಳೆ ಪಿನ್ನನ್ನು ಎರಡೂ ಬದಿ 1 ಮಿ.ಮೀ. ಉಳಿಸಿ ಕತ್ತರಿಸಿ, ಮರುದಿನ ಹಿಡಿಯ ಜೊತೆಗೇ ಉಜ್ಜಿ ಸಮ ಮಾಡಿದೆ. ಜಾಲಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಪಿನ್ನಿನ ತಲೆಯನ್ನು ಸುತ್ತಿಗೆಯಿಂದ ಹರಡಲು ಹೋದರೆ ಹಲಗೆ ಸೀಳುತ್ತದೆ. ಅಂಟು, ಪಿನ್ನು ಎರಡೂ ಇರುವಾಗ ಅದರ ಅಗತ್ಯವೂ ಇಲ್ಲ.

ಮೇಲೆ ಅಗಸಿ ಎಣ್ಣೆ ಮೂರು ಸಲ, ತೆಳ್ಳಗೆ ಹಚ್ಚಿ ಒರೆಸಿ, ಪ್ರತಿ ಸಲ ಮೂರು ದಿನ ಬಿಟ್ಟು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸಿ ಎಣ್ಣೆ ಒಣಗುವಾಗ ಕಾವು ಬಿಡುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ ಹರವಿ ಒಣಹಾಕಬೇಕು.

ಸಾಣೆಗೆ ಎರಡು ಮುಖದ ಕಾರ್ಬೊರಂಡಂ ಕಲ್ಲಿನಿಂದ ಶುರು ಮಾಡಿ 1000 ಗ್ರಿಟ್ಟಿನ ನೀರಿನ ಕಲ್ಲಿಗೆ ಮುಗಿಸಿದೆ. ಪ್ರತಿ ಕಡೆ 17–18 ಡಿಗ್ರಿ ಕೋನ. 25 ಮಿ.ಮೀ. ಅಗಲದ ಅಲಗಿಗೆ ಅದರ ಲೆಕ್ಕ ಸುಲಭ: ಬೆನ್ನು ಕಲ್ಲಿನಿಂದ ಏಳೂವರೆ ಮಿ.ಮೀ. ಮೇಲಿರಬೇಕು. ಅಷ್ಟು ಎತ್ತರದ ಕಟ್ಟಿಗೆ ತುಂಡೊಂದನ್ನು ಪಕ್ಕದಲ್ಲಿಟ್ಟುಕೊಂಡರೆ ಕೈಗೆ ರೂಢಿಯಾಗುತ್ತದೆ. ಒಂದು ಕಡೆ ತಿಕ್ಕುತ್ತಾ ಹೋದಂತೆ ಇನ್ನೊಂದು ಕಡೆ ಬಾಯಿಯುದ್ದಕ್ಕೂ ಉಗುರಿಗೆ ತಡೆಯುವ ಸಣ್ಣ ಮುಳ್ಳು ಏಳುತ್ತದೆ. ಅದು ಬುಡದಿಂದ ಮೊನೆಯವರೆಗೆ ಎದ್ದ ಮೇಲೆಯೇ ಮಗ್ಗುಲು ಬದಲಿಸಬೇಕು. ಮಧ್ಯೆ ಎಲ್ಲಾದರೂ ಏಳದಿದ್ದರೆ ಆ ಜಾಗ ಇನ್ನೂ ಮೊಂಡ. ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಇಪ್ಪತ್ತು ಎಳೆತ. ಮಾಗಿದ ಟೊಮೆಟೊ ಮೇಲೆ ಚಾಕು ಇಟ್ಟು, ಒತ್ತದೆ ಎಳೆದಾಗ ಸಿಪ್ಪೆ ಕೊಯ್ದರೆ ಸಾಣೆ ಆಯಿತು.

ಇದು ಸ್ಟೇನ್‌ಲೆಸ್ ಅಲ್ಲ. ಮೊದಲ ವಾರ ಉಳ್ಳಾಗಡ್ಡಿ ಹೆಚ್ಚಿದರೆ ಅದು ಕಪ್ಪಾಗುತ್ತದೆ, ಕಬ್ಬಿಣದ ವಾಸನೆಯೂ ಹತ್ತುತ್ತದೆ. ಲಿಂಬೆ, ಹುಣಸಿ ತಾಗಿದಲ್ಲಿ ಅಲಗು ಬೂದಿ–ನೀಲಿಗೆ ತಿರುಗುತ್ತದೆ. ಈ ಬಣ್ಣ ತುಕ್ಕಲ್ಲ, ತುಕ್ಕನ್ನು ತಡೆಯುವ ಪದರ, ತಿಕ್ಕಿ ತೆಗೆಯಬಾರದು. ಪದರ ಪೂರ್ತಿ ಕೂತ ಮೇಲೆ ಉಳ್ಳಾಗಡ್ಡಿ ಕಪ್ಪಾಗುವುದು ನಿಲ್ಲುತ್ತದೆ. ಕೆಂಪು ಚುಕ್ಕೆ ಕಂಡರೆ ಮಾತ್ರ ಅದು ತುಕ್ಕು, ಬೂದಿ ಹಾಕಿ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಬಳಸಿದ ತಕ್ಷಣ ತೊಳೆದು ಒರೆಸಿಡಬೇಕು, ಸಿಂಕಿನಲ್ಲಿ ರಾತ್ರಿ ಬಿಡಬಾರದು. ಮಳೆಗಾಲದಲ್ಲಿ ಎತ್ತಿಡುವಾಗ ಕೊಬ್ಬರಿ ಎಣ್ಣೆಯ ಒಂದು ಹನಿ ಸವರಬೇಕು. ಅಗಸಿ, ಕುಸುಬಿ ಎಣ್ಣೆ ಅಲಗಿಗೆ ಬೇಡ, ಒಣಗಿ ಅಂಟಂಟಾಗುತ್ತವೆ. ತೆಂಗಿನಕಾಯಿ ಒಡೆಯಲು, ಎಲುಬು ಕಡಿಯಲು ಈ ಚಾಕು ಕೊಡಬೇಡಿ, ಅದಕ್ಕೆ ಕಮಾನು ಪಟ್ಟಿಯ ಕತ್ತಿಯೇ ಸರಿ.